ತಮ್ಮ ಮೂಲಕ

ಚುನಾವಣೆ ಮುಗಿದ ಹನ್ನೆರಡನೆಯ ದಿನ, ಸಂಜೆ ಏಳಕ್ಕೆ,
ನ್ಯೂಫೌಂಡ್‌ಲೆಂಡಿನ ಈ ಮೂಲೆಯ ಸ್ಕ್ರೇಪ್ ಕೋವಿನಲ್ಲಿ
ಅಗ್ನಿಶಾಮಕ ಠಾಣೆಯ ಮಾಳಿಗೆ. ಮಡಚುಕುರ್ಚಿ ಆರು, ಹೀಟರು ಒಂದು,
ಮೀನುವಾಸನೆಯ ಕೋಟುಗಳು ಗೂಟಕ್ಕೆ.
ನಾನು ಗುಮಾಸ್ತೆ, ವರ್ನಾ ಬ್ಲಾಗ್ಡನ್. ನನಗೆ ಮತವಿಲ್ಲ;
ಪೆನ್ನಿದೆ.

ಮೊದಲ ಸಭೆಗೆ ಯಜಮಾನರಿಲ್ಲ.
ಹಾಗಾಗಿ ಒಂದು ಗಳಿಗೆ ನಾನೇ ಆ ಕುರ್ಚಿಯಲ್ಲಿ ಕೂತು
ಪ್ರಮಾಣ ಮಾಡಿಸುತ್ತೇನೆ, ಚೀಟಿ ಹಂಚುತ್ತೇನೆ,
ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿ ಎಣಿಸುತ್ತೇನೆ.
ಆಲಿವ್ ಗಿಲಿಂಗ್‌ಹ್ಯಾಮ್‌ಗೆ ನಾಲ್ಕು. ಉಳಿದೊಂದು ಅವಳದೇ,
ಮೇಯರಾಗುವ ಭಯಕ್ಕೆ ಬೇರೆ ಯಾರಿಗೋ ಹಾಕಿದ್ದು.
ಉಪಮೇಯರು ಸೆಲ್ಬಿ ರೈಡ್‌ಔಟ್, ಮೂರಕ್ಕೆ ಎರಡು.
ಆ ಎರಡರಲ್ಲೊಂದು ಅವನ ಅಣ್ಣ ಹೆಡ್ಲಿಯದು ಎಂದು
ನಾನು ಹೇಳಲಾರೆ. ಮತ ಗುಪ್ತ.
ಕೈಬರಹ ಗುಪ್ತವಲ್ಲ.

ಆಮೇಲೆ ನಿಯಮಗಳು. ತಿಂಗಳಿಗೆರಡು ಸಭೆ, ಮೂವರಿದ್ದರೆ ಕೋರಂ.
ಮಂಡಿಸಿದ ಮಾತಿಗೆ ಅನುಮೋದಕರು ಸಿಗದಿದ್ದರೆ
ಅದು ಮೇಜಿನ ಮೇಲೆಯೇ ಸಾಯಬೇಕು.
ಊರವರ ಅಹವಾಲಿಗೆ ಮೂರು ನಿಮಿಷ;
ಮೊಟ್ಟೆ ಬೇಯಿಸುವ ಗಡಿಯಾರ ಇಟ್ಟಿದ್ದೇವೆ, ಅದಕ್ಕೆ ದಾಕ್ಷಿಣ್ಯವಿಲ್ಲ.
ಮತ್ತೆ, ಏನೇ ಆಗಲಿ, ಸದಸ್ಯರು ಪರಸ್ಪರ ನೇರ ಮಾತಾಡಕೂಡದು:
ಎಲ್ಲವೂ ಅಧ್ಯಕ್ಷರ ಮೂಲಕ.

ಈ ಕೊನೆಯ ನಿಯಮ ಇಲ್ಲದಿದ್ದರೆ
ಹನ್ನೊಂದು ವರ್ಷದಿಂದ ಆ ಅಣ್ಣತಮ್ಮಂದಿರ ನಡುವೆ
ಒಂದು ಅಕ್ಷರವೂ ದಾಟುತ್ತಿರಲಿಲ್ಲ.
ಅಪ್ಪನ ದೋಣಿಯ ಇಂಜಿನ್ನು ಯಾರದೆಂದು ಹುಟ್ಟಿದ ಜಗಳ.
ಇಂಜಿನ್ನಿಗೆ ತುಕ್ಕು ಹಿಡಿಯಿತು, ಜಗಳಕ್ಕೆ ಹಿಡಿಯಲಿಲ್ಲ.
ಅಂಗಡಿಯಲ್ಲಿ ಎದುರಾದರೆ ಒಬ್ಬ ಡಬ್ಬಿಹಾಲಿನ ಬೆಲೆ ಓದುತ್ತಾನೆ,
ಇನ್ನೊಬ್ಬ ಕಿಟಕಿಯಾಚೆ ಮಂಜು ನೋಡುತ್ತಾನೆ.
ಸಭೆಯಲ್ಲಿ ಮಾತ್ರ:
‘ಅಧ್ಯಕ್ಷರ ಮೂಲಕ ಕೇಳುತ್ತೇನೆ, ಮಾನ್ಯ ಸದಸ್ಯರ ಬೆನ್ನುನೋವು ಹೇಗಿದೆ,
ಪೈಪು ಅಗೆಯಲು ಬರಬಲ್ಲರೇ?’
‘ಅಧ್ಯಕ್ಷರ ಮೂಲಕ ತಿಳಿಸುತ್ತೇನೆ, ಹಾಗೇ ಇದೆ. ಬರುತ್ತೇನೆ.’
ನಡುವೆ ಆಲಿವ್, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುತ್ತ,
ಸುಂಕವಿಲ್ಲದ ಸೇತುವೆ.

ಫೆಬ್ರವರಿಯಲ್ಲಿ ಆಲಿವ್ ಆಸ್ಪತ್ರೆಗೆಂದು ಆಚೆ ದಡಕ್ಕೆ ಹೋದವಳು
ಹಿಮಗಾಳಿಗೆ ಸಿಕ್ಕಿ ಬರಲಿಲ್ಲ; ಫೆರ್ರಿ ಕಟ್ಟಿಹಾಕಿದ್ದರು.
ಎಲ್ಫ್ರೀಡಾ ಕೀಪಿಂಗ್‌ಗೆ ಜ್ವರ.
ಗಾರ್ಲಂಡ್ ಬಂದ, ಶ್ರವಣಯಂತ್ರ ಮನೆಯಲ್ಲೇ ಬಿಟ್ಟು.
ಹೆಡ್ಲಿ ಬಂದ. ಸೆಲ್ಬಿ ಬಂದ. ಮೂವರು. ಕೋರಂ.
ಕಾನೂನು ಕನಿಕರಿಸಲಿಲ್ಲ: ಸೆಲ್ಬಿ ಕುರ್ಚಿ ಏರಿದ.

ವಿಷಯ ಆರು: ಚರ್ಚಿನ ಇಳಿಜಾರಿಗೆ ಉಪ್ಪು.
ಹೆಡ್ಲಿ ಎದ್ದ. ಅಭ್ಯಾಸಬಲದಿಂದ ಬಾಯಿ ತೆರೆದು
‘ಅಧ್ಯಕ್ಷರ’ ಎಂದವನು
ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.
ದಾಟಿ ಹೋಗಲು ಬೇರೆ ಯಾರೂ ಇರಲಿಲ್ಲ.
ಹೀಟರು ಟಿಕ್ಕೆಂದಿತು. ಏನೂ ಕೇಳಿಸದ ಗಾರ್ಲಂಡ್ ತಲೆಯಾಡಿಸಿದ.
‘ಅಧ್ಯಕ್ಷರೇ,’ ಎಂದ ಹೆಡ್ಲಿ, ‘ತಮ್ಮ...’
‘ಮೂಲಕ’ ಬರಲು ಬಹಳ ಹೊತ್ತು ಹಿಡಿಯಿತು.
ಕೇಳಿದಷ್ಟನ್ನು ಬರೆದುಕೊಂಡೆ. ಯಾವ ಅರ್ಥದಲ್ಲಿ
ಎಂದು ವಿಚಾರಿಸುವುದು ಗುಮಾಸ್ತೆಯ ಕೆಲಸವಲ್ಲ.

ಸೆಲ್ಬಿ ಸುತ್ತಿಗೆ ಎತ್ತಿದ, ಸದ್ದಾಗದಂತೆ ಇಟ್ಟ.
‘ಎಷ್ಟು ಚೀಲ?’
‘ಹದಿನಾಲ್ಕು ಸಾಕು.’
‘ಇಪ್ಪತ್ತು ತರಿಸು. ನಿನ್ನ ಮನೆಯ ತಿರುವಿಗೂ ಬೇಕು.’
ಅಧ್ಯಕ್ಷಪೀಠದಿಂದ ಏಕವಚನ, ನಿಯಮಬಾಹಿರ.
ಯಾರೂ ಆಕ್ಷೇಪಿಸಲಿಲ್ಲ.
ನಾನು ಕಾಗದದಲ್ಲಿ ‘ಉಪ್ಪು’ ಎಂದು ದೊಡ್ಡದಾಗಿ ಬರೆದು ತೋರಿಸಿದೆ,
ಗಾರ್ಲಂಡ್ ಅನುಮೋದಿಸಿದ.

ಎರಡು ವಾರ ಕಳೆದು ಆಲಿವ್ ಮರಳಿದಳು. ಹಿಂದಿನ ನಡಾವಳಿ ಓದಿದೆ:
‘ಉಪ್ಪು, ಇಪ್ಪತ್ತು ಚೀಲ. ಸರ್ವಾನುಮತ.’
‘ಲೋಪದೋಷಗಳಿವೆಯೇ?’ ಕೇಳಿದಳು ಆಲಿವ್.
ಸೆಲ್ಬಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ.
ಹೆಡ್ಲಿ ಸೂರಿನ ಕಲೆಯನ್ನೇ ನೋಡುತ್ತ,
‘ಅಧ್ಯಕ್ಷರ ಮೂಲಕ,’ ಎಂದ, ‘ಏನೂ ಇಲ್ಲ.’
ನಡಾವಳಿ ಅಂಗೀಕೃತ.
ಮುಂದಿನ ವಿಷಯ, ನಾಯಿಗಳ ಲೈಸೆನ್ಸು.